ಶಿವನಸಮುದ್ರದಿಂದ ಶಕ್ತಿನಗರದವರೆಗೆ



ಕಳೆದ ಬೇಸಿಗೆಯಲ್ಲಿ ತ್ಯಾಗರಾಜನಗರದ ನಮ್ಮ ಮನೆಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬ, "ಸಾರ್, ನಿಮ್ಮ ಮನೆಗೂ ಎ.ಸಿ. ಬಂತಾ?" ಎಂದು ನಕ್ಕ. ನಾನೂ ನಕ್ಕೆ. ಆದರೆ ಆ ಮಾತು ಮನಸ್ಸಿನಲ್ಲಿಯೇ ಉಳಿಯಿತು. ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಫ್ಯಾನು ಕೂಡ ಇರಲಿಲ್ಲ. ಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ. ಅದೇ ಬೆಂಗಳೂರಿನಲ್ಲಿ 2016ರ ಏಪ್ರಿಲ್ ತಿಂಗಳಲ್ಲಿ ಉಷ್ಣಾಂಶ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಕೆರೆ, ಮರಗಳನ್ನು ಕಳೆದುಕೊಂಡ ನಗರದ ಪಾಲೂ ಇದರಲ್ಲಿದೆ; ಭೂಮಿಯೇ ಬಿಸಿಯಾಗುತ್ತಿರುವುದರ ಪಾಲೂ ಇದೆ.

ನಮ್ಮ ನಾಡಿನ ವಿದ್ಯುತ್ತಿನ ಕಥೆ ಹೊಗೆಯಿಂದ ಆರಂಭವಾದದ್ದಲ್ಲ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ರೂಪುಗೊಂಡ ಯೋಜನೆಯಂತೆ, 1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ಬೆಳಗಿದವು. 1948ರಲ್ಲಿ ಜೋಗ, 1960ರ ದಶಕದಲ್ಲಿ ಶರಾವತಿ ಯೋಜನೆ. ಲಿಂಗನಮಕ್ಕಿಯ ನೀರಿನಲ್ಲಿ ಊರುಗಳು ಮುಳುಗಿದವೆಂಬುದನ್ನೂ ಮರೆಯಬಾರದು. ಆದರೂ ಆ ದೀಪಗಳ ಹಿಂದೆ ಕಲ್ಲಿದ್ದಲಿನ ಹೊಗೆಯಿರಲಿಲ್ಲ.

ನೀರನ್ನೇ ನಂಬಿದ್ದರಿಂದ ಮಳೆ ಕೈಕೊಟ್ಟ ವರ್ಷ ಕತ್ತಲೆ. ಲಾಟೀನಿನ ಬೆಳಕಿನಲ್ಲಿ ಪರೀಕ್ಷೆಗೆ ಓದಿದ ತಲೆಮಾರು ನಮ್ಮದು. ಆದ್ದರಿಂದಲೇ 1985ರಲ್ಲಿ ರಾಯಚೂರಿನ ಶಕ್ತಿನಗರದಲ್ಲಿ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ ಆರಂಭವಾದಾಗ, ಹೊಸದಾಗಿ ಮೇಷ್ಟರಾಗಿದ್ದ ನಾನು ತರಗತಿಯಲ್ಲಿ ಅದನ್ನು ಪ್ರಗತಿಯ ಹೆಗ್ಗುರುತೆಂದು ಹೆಮ್ಮೆಯಿಂದ ಬಣ್ಣಿಸಿದೆ. ಪಾಠ ಸುಳ್ಳಲ್ಲ, ಆದರೆ ಅರ್ಧವಾಗಿತ್ತು. ಉಳಿದರ್ಧವನ್ನು ಇಂದು ಹೇಳುತ್ತಿದ್ದೇನೆ.

ಕಲ್ಲಿದ್ದಲು ಉರಿದು ಇಂಗಾಲದ ಡೈಆಕ್ಸೈಡ್ ಹೆಚ್ಚಿದರೆ ಭೂಮಿ ಬಿಸಿಯಾಗುವುದೆಂದು ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಅರೇನಿಯಸ್ ಲೆಕ್ಕ ಹಾಕಿದ್ದು 1896ರಲ್ಲಿ. ಶಿವನಸಮುದ್ರದ ದೀಪಕ್ಕಿಂತ ಆರು ವರ್ಷ ಮೊದಲು! ಕೈಗಾರಿಕಾ ಕ್ರಾಂತಿಗೆ ಮುನ್ನ ವಾಯುಮಂಡಲದ ಹತ್ತು ಲಕ್ಷ ಭಾಗಗಳಲ್ಲಿ ಈ ಅನಿಲ ಸುಮಾರು 280 ಭಾಗವಿತ್ತು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದಲ್ಲಿ ಅಳೆಯತೊಡಗಿದಾಗ ಸುಮಾರು 315. ಈಗ 420ನ್ನು ದಾಟಿದೆ. 2024ನೆಯ ಇಸವಿಯ ಜಾಗತಿಕ ಸರಾಸರಿ ಉಷ್ಣಾಂಶ ಕೈಗಾರಿಕಾ ಪೂರ್ವಕಾಲಕ್ಕಿಂತ ಸುಮಾರು ಒಂದೂವರೆ ಡಿಗ್ರಿ ಹೆಚ್ಚಾಗಿತ್ತು.

ಇದೊಂದು ವಿಷವರ್ತುಲ. ಬರ ಬಂದರೆ ಜಲಾಶಯ ಬರಿದಾಗುತ್ತದೆ. ಕಲ್ಲಿದ್ದಲು ಹೆಚ್ಚು ಉರಿಯುತ್ತದೆ. ಅದರಿಂದ ಸೆಕೆ ಹೆಚ್ಚುತ್ತದೆ. ಸೆಕೆ ತಾಳಲಾರದೆ ನಾನು ಎ.ಸಿ. ಹಾಕಿಸುತ್ತೇನೆ.

ದಾರಿ ಇಲ್ಲವೆಂದಲ್ಲ. ಮಳೆಯಿಲ್ಲದ ಪಾವಗಡದ ನೆಲದಲ್ಲಿಯೇ, ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ, 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಮೈದಳೆದಿದೆ. ಶಾಪವಾಗಿದ್ದ ಬಿಸಿಲೇ ಅಲ್ಲಿ ಬೆಳೆಯಾಗಿದೆ.

ನಿಮ್ಮಲ್ಲಿ ಎಂಜಿನಿಯರುಗಳಿದ್ದೀರಿ, ಅಧಿಕಾರಿಗಳಿದ್ದೀರಿ, ಶಿಕ್ಷಕರೂ ಇದ್ದೀರಿ. ನಾನು ಅರ್ಧ ಕಲಿಸಿದ ಪಾಠವನ್ನು ನೀವು ನಿಮ್ಮ ಮಕ್ಕಳಿಗೆ ಪೂರ್ತಿಯಾಗಿ ಕಲಿಸಿರಿ. ಹಳೆಯ ಮೇಷ್ಟರಿಗೆ ಅದಕ್ಕಿಂತ ಬೇರೆ ಗುರುದಕ್ಷಿಣೆ ಬೇಡ.