ಬೇರು, ಬುಡ ಮತ್ತು ಕಾಂಡದ ಅಸಹಜ ಗಂಟುಗಳು: ಅಂಗಾಂಶ ಪರೀಕ್ಷೆಯಿಂದ ನಿಖರ ರೋಗನಿರ್ಣಯ

ಪೀಠಿಕೆ

ಗಿಡದ ಬೇರು, ಬುಡ ಅಥವಾ ಕಾಂಡದ ಮೇಲೆ ಗಂಟು ಕಾಣಿಸಿಕೊಂಡರೆ ಅದು ಒಂದೇ ರೋಗದ ಲಕ್ಷಣವೆಂದು ಭಾವಿಸಬಾರದು. ಜಂತುಹುಳು, ದುಂಡಾಣು, ಶಿಲೀಂಧ್ರ, ಕೀಟ, ನುಸಿ ಇವುಗಳಲ್ಲಿ ಯಾವುದರಿಂದಲಾದರೂ ಗಂಟು ಉಂಟಾಗಬಹುದು. ಕೆಲವು ಗಂಟುಗಳು ರೋಗವೇ ಅಲ್ಲ. ಬೆಳೆಗೆ ಉಪಕಾರಿಯಾದ ಅಂಗಗಳು. ಹೊರನೋಟದಲ್ಲಿ ಇವೆಲ್ಲವೂ ಹೆಚ್ಚು ಕಡಿಮೆ ಒಂದೇ ರೀತಿ ಕಾಣುತ್ತವೆ. ಆದುದರಿಂದ ಗಂಟನ್ನು ಕೊಯ್ದು ಒಳಗಿನ ಅಂಗಾಂಶವನ್ನು ನೋಡಿದ ಮೇಲೆಯೇ ಕಾರಣವನ್ನು ನಿರ್ಧರಿಸುವುದು ಸೂಕ್ತ.

ರೋಗನಿರ್ಣಯ ತಪ್ಪಿದರೆ ನಷ್ಟ ಎರಡು ಬಗೆಯದು. ಜಂತುಹುಳುವಿನ ಬಾಧೆಗೆ ಶಿಲೀಂಧ್ರನಾಶಕ ಸುರಿದರೆ ಹಣವೂ ಹೋಗುತ್ತದೆ, ಬಾಧೆಯೂ ಉಳಿಯುತ್ತದೆ. ದಾಳಿಂಬೆ, ದ್ರಾಕ್ಷಿ, ಗುಲಾಬಿಯಂತಹ ಬಹುವಾರ್ಷಿಕ ಬೆಳೆಗಳಲ್ಲಿ ರೋಗಪೀಡಿತ ಸಸಿಯನ್ನು ಗುರುತಿಸದೆ ನಾಟಿ ಮಾಡಿದರೆ, ಆ ಭೂಮಿಯೇ ವರ್ಷಗಟ್ಟಲೆ ರೋಗದ ನೆಲೆಯಾಗುತ್ತದೆ. ಈ ಲೇಖನದಲ್ಲಿ ಹೊಲದಲ್ಲಿಯೇ ಮಾಡಬಹುದಾದ ಸರಳ ಪರೀಕ್ಷೆಗಳು, ಮಾದರಿ ಕಳುಹಿಸುವ ಕ್ರಮ ಮತ್ತು ಪ್ರಯೋಗಾಲಯದ ವರದಿಯನ್ನು ಅರ್ಥಮಾಡಿಕೊಳ್ಳುವ ಬಗೆಯನ್ನು ವಿವರಿಸಲಾಗಿದೆ.

‘ಬೇರುಗಂಟು’ ಎಂಬ ಒಂದೇ ಹೆಸರು

ನಮ್ಮ ಆಡುಮಾತಿನಲ್ಲಿ ‘ಬೇರುಗಂಟು’ ಎಂಬ ಪದ ಎರಡು ವಿರುದ್ಧ ವಸ್ತುಗಳಿಗೆ ಬಳಕೆಯಲ್ಲಿದೆ. ಶೇಂಗಾ, ಅಲಸಂದೆ, ಸೋಯಾ ಅವರೆ, ತೊಗರಿ ಮುಂತಾದ ದ್ವಿದಳ ಬೆಳೆಗಳ ಬೇರಿನಲ್ಲಿ ರೈಜೋಬಿಯಂ ದುಂಡಾಣುಗಳು ಉಂಟುಮಾಡುವ, ವಾಯುವಿನ ಸಾರಜನಕವನ್ನು ಸ್ಥಿರೀಕರಿಸುವ ಗಂಟುಗಳಿಗೂ ಅದೇ ಹೆಸರು. ಮೆಲಾಯ್ಡೋಗೈನೆ ಜಾತಿಯ ಜಂತುಹುಳುಗಳು ಉಂಟುಮಾಡುವ ರೋಗದ ಗಂಟುಗಳಿಗೂ ಅದೇ ಹೆಸರು. ದೂರವಾಣಿಯಲ್ಲಿ ಸಲಹೆ ಕೇಳುವಾಗ ಮತ್ತು ನೀಡುವಾಗ ಈ ಗೊಂದಲದಿಂದ ಉಪಕಾರಿ ಗಂಟುಗಳ ನಾಶಕ್ಕೆ ಔಷಧಿ ಹಾಕುವ ಪ್ರಸಂಗ ಬರಬಹುದು. ವಿಸ್ತರಣಾ ಕಾರ್ಯಕರ್ತರು ಈ ಕೆಳಗಿನ ಮೂರು ಅಂಶಗಳನ್ನು ತಪ್ಪದೆ ಪರಿಶೀಲಿಸಬೇಕು.

1. ಬಿಡಿಸಿ ನೋಡುವುದು: ಸಾರಜನಕದ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಿರುತ್ತದೆ. ಬೆರಳಿನಿಂದ ಉಜ್ಜಿದರೆ ಬೇರಿಗೆ ಹಾನಿಯಾಗದೆ ಕಳಚುತ್ತದೆ. ಜಂತುಹುಳುವಿನ ಗಂಟು ಬೇರಿನದೇ ಊತ. ಬೇರನ್ನು ಮುರಿಯದೆ ಅದನ್ನು ಬೇರ್ಪಡಿಸಲಾಗದು.

2. ಕೊಯ್ದು ನೋಡುವುದು: ಕ್ರಿಯಾಶೀಲ ಸಾರಜನಕದ ಗಂಟನ್ನು ಬ್ಲೇಡಿನಿಂದ ಅಡ್ಡವಾಗಿ ಕೊಯ್ದರೆ ಒಳಭಾಗ ಗುಲಾಬಿ ಅಥವಾ ತಿಳಿಗೆಂಪಾಗಿರುತ್ತದೆ. ಇದು ಲೆಗ್‌ಹಿಮೋಗ್ಲೋಬಿನ್ ಎಂಬ ವರ್ಣದ್ರವ್ಯದ ಬಣ್ಣ. ವಯಸ್ಸಾದ ಗಂಟು ಹಸಿರು ಅಥವಾ ಕಂದು ಬಣ್ಣಕ್ಕೆ ತಿರುಗುತ್ತದೆ. ಜಂತುಹುಳುವಿನ ಗಂಟಿನ ಒಳಗೆ ಈ ಕೆಂಪು ಇರುವುದಿಲ್ಲ.

3. ಮಸೂರದಿಂದ ನೋಡುವುದು: 10 ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಮಸೂರದಲ್ಲಿ, ಕೊಯ್ದ ಜಂತುಹುಳು ಗಂಟಿನೊಳಗೆ ಮುತ್ತಿನಂತೆ ಹೊಳೆಯುವ ಬಿಳಿ ಕಣಗಳು ಕಾಣುತ್ತವೆ. ಇವು ಪೇರಲೆ ಆಕಾರದ ಹೆಣ್ಣು ಹುಳುಗಳು. ಉದ್ದ ಒಂದು ಮಿ.ಮೀ.ಗಿಂತಲೂ ಕಡಿಮೆ. ಗಂಟಿನ ಹೊರಮೈಯಲ್ಲಿ ಕಂದು ಅಂಟಿನಂತಹ ತತ್ತಿಗುಚ್ಛಗಳಿದ್ದು, ಪ್ರತಿಯೊಂದರಲ್ಲಿಯೂ ನೂರಾರು ತತ್ತಿಗಳಿರುತ್ತವೆ.

ದ್ವಿದಳ ಬೆಳೆಯ ಒಂದೇ ಬೇರಿನಲ್ಲಿ ಎರಡೂ ಬಗೆಯ ಗಂಟುಗಳು ಇರಬಹುದು. ಆದಕಾರಣ ಒಂದು ಗಂಟನ್ನು ನೋಡಿ ತೀರ್ಮಾನಿಸದೆ, ಕನಿಷ್ಠ ಐದಾರು ಗಿಡಗಳ ಹಲವು ಗಂಟುಗಳನ್ನು ಕೊಯ್ದು ನೋಡಬೇಕು.

ಬುಡಗಂಟು ರೋಗ: ಸಸ್ಯಲೋಕದ ಅರ್ಬುದ

ಗುಲಾಬಿ, ದ್ರಾಕ್ಷಿ, ಪೀಚ್, ಪ್ಲಮ್ ಮುಂತಾದ ಬೆಳೆಗಳ ಬುಡ, ಬೇರು ಅಥವಾ ಕಸಿ ಕಟ್ಟಿದ ಜಾಗದಲ್ಲಿ ಒರಟಾದ ಗಡ್ಡೆಗಳು ಬೆಳೆಯುತ್ತವೆ. ಎಳೆಯದಾಗಿದ್ದಾಗ ಬಿಳಿಯಾಗಿ ಮೃದುವಾಗಿರುವ ಈ ಗಡ್ಡೆಗಳು ಬಲಿತಂತೆ ಕಂದಾಗಿ ಗಟ್ಟಿಯಾಗಿ ಮೇಲ್ಮೈ ಬಿರಿಯುತ್ತದೆ. ಅಗ್ರೋಬ್ಯಾಕ್ಟೀರಿಯಮ್ ಟ್ಯುಮೆಫೇಸಿಯನ್ಸ್ ಎಂಬ ಮಣ್ಣಿನ ದುಂಡಾಣು ಇದಕ್ಕೆ ಕಾರಣ. ದ್ರಾಕ್ಷಿಯಲ್ಲಿ ಇದರ ಹತ್ತಿರದ ಸಂಬಂಧಿಯಾದ ಇನ್ನೊಂದು ಪ್ರಭೇದ ಪ್ರಮುಖವಾದುದು. ಅಮೆರಿಕದ ಎರ್ವಿನ್ ಸ್ಮಿತ್ ಮತ್ತು ಟೌನ್‌ಸೆಂಡ್ ಎಂಬ ವಿಜ್ಞಾನಿಗಳು 1907ರಲ್ಲಿ ಈ ಕಾರಣವನ್ನು ತೋರಿಸಿಕೊಟ್ಟರು.

ಈ ರೋಗದ ಸ್ವರೂಪವನ್ನು ರೈತರು ತಿಳಿದಿರುವುದು ಅವಶ್ಯಕ. ದುಂಡಾಣು ಗಾಯದ ಮೂಲಕ ಪ್ರವೇಶಿಸಿ, ತನ್ನ ವಂಶವಾಹಿಯ ಒಂದು ತುಣುಕನ್ನು ಗಿಡದ ಜೀವಕೋಶದ ವಂಶವಾಹಿಗೆ ಸೇರಿಸುತ್ತದೆ. ಆ ತುಣುಕು ಬೆಳವಣಿಗೆಯ ಚೋದಕಗಳನ್ನು ಮಿತಿಮೀರಿ ಉತ್ಪಾದಿಸುವಂತೆ ಕೋಶವನ್ನು ಬದಲಿಸುತ್ತದೆ. ಹೀಗೆ ಒಮ್ಮೆ ಬದಲಾದ ಕೋಶಗಳು, ದುಂಡಾಣು ಇಲ್ಲದಿದ್ದರೂ ವಿಭಜನೆಗೊಳ್ಳುತ್ತಲೇ ಇರುತ್ತವೆ. ಆದ್ದರಿಂದಲೇ ದುಂಡಾಣುನಾಶಕ ಸಿಂಪಡಿಸಿದರೂ ಗಡ್ಡೆ ಕರಗುವುದಿಲ್ಲ. ಈ ರೋಗದಲ್ಲಿ ತಡೆಗಟ್ಟುವಿಕೆಯೇ ಮದ್ದು.

ಕೊಯ್ದು ನೋಡಿದಾಗ ಆರೋಗ್ಯವಂತ ಕಾಂಡದಲ್ಲಿ ತೊಗಟೆ, ನೀರಿನ ನಾಳ, ತಿರುಳು ವರ್ತುಲಾಕಾರದಲ್ಲಿ ಕ್ರಮವಾಗಿ ಜೋಡಣೆಯಾಗಿರುತ್ತವೆ. ಬುಡಗಂಟಿನಲ್ಲಿ ಈ ಕ್ರಮವೇ ಇರುವುದಿಲ್ಲ. ನಾಳದ ತುಂಡುಗಳು ಅಲ್ಲಲ್ಲಿ ಸುರುಳಿಯಂತೆ ಚದುರಿರುತ್ತವೆ. ಒಳಗೆ ಹುಳುವಾಗಲಿ, ಕೋಣೆಯಾಗಲಿ ಕಾಣುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಸಿ ಕಟ್ಟಿದ ಜಾಗದಲ್ಲಿ ಗಾಯ ಮಾಯುವಾಗ ಸಹಜವಾಗಿ ಬೆಳೆಯುವ ಅಂಗಾಂಶವೂ ಆರಂಭದಲ್ಲಿ ಕ್ರಮವಿಲ್ಲದ ಕೋಶಗಳ ರಾಶಿಯಾಗಿಯೇ ಇರುತ್ತದೆ. ಅದು ಕ್ರಮೇಣ ನುಣುಪಾಗಿ, ಬೆಳವಣಿಗೆ ನಿಲ್ಲಿಸಿ, ನಾಳಗಳನ್ನು ಕೂಡಿಸುತ್ತದೆ. ಬುಡಗಂಟು ಒರಟಾಗಿ ಬೆಳೆಯುತ್ತಲೇ ಹೋಗುತ್ತದೆ. ಎಳೆಯ ಹಂತದಲ್ಲಿ ಕೇವಲ ಅಂಗಾಂಶದ ನೋಟದಿಂದ ಇವೆರಡನ್ನು ಬೇರ್ಪಡಿಸುವುದು ಕಷ್ಟ. ದುಂಡಾಣುವನ್ನು ಬೇರ್ಪಡಿಸಿ ಬೆಳೆಸುವ ಅಥವಾ ಪಿಸಿಆರ್ ವಿಧಾನದ ಪರೀಕ್ಷೆ ಬೇಕಾಗುತ್ತದೆ. ವರದಿ ಬರುವವರೆಗೆ ಸಂಶಯಾಸ್ಪದ ಸಸಿಗಳನ್ನು ನಾಟಿ ಮಾಡದೆ ಪ್ರತ್ಯೇಕವಾಗಿ ಇಡಿ.

ಅಪರೂಪವಾಗಿ ಕಾಣುವ ಇತರ ಗಂಟುಗಳು

ಎಲೆಕೋಸು, ಹೂಕೋಸಿನ ಗದೆಬೇರು ರೋಗ: ತಂಪಾದ ಗುಡ್ಡಗಾಡು ಪ್ರದೇಶಗಳ ಆಮ್ಲ ಮಣ್ಣಿನಲ್ಲಿ ಕಂಡುಬರುತ್ತದೆ. ಬೇರು ಗದೆಯಂತೆ ದಪ್ಪವಾಗುತ್ತದೆ. ಕೊಯ್ದಾಗ ಹೆಣ್ಣು ಜಂತುಹುಳು ಕಾಣುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ಹಿಗ್ಗಿದ ಕೋಶಗಳ ತುಂಬ ಪ್ಲಾಸ್ಮೋಡಿಯೋಫೋರಾದ ಸಣ್ಣ ದುಂಡು ಬೀಜಕಣಗಳು ತುಂಬಿರುತ್ತವೆ. ಇವು ಮಣ್ಣಿನಲ್ಲಿ ಹಲವು ವರ್ಷ ಬದುಕಬಲ್ಲವು.

ಕೊತ್ತಂಬರಿಯ ಕಾಂಡಗಂಟು: ಕಾಂಡ ಮತ್ತು ಎಲೆಯ ನರಗಳ ಮೇಲೆ ಉಬ್ಬುಗಳು ಮೂಡಿ, ಕಾಳು ವಿಕಾರವಾಗಿ ದೊಡ್ಡದಾಗುತ್ತದೆ. ಇದಕ್ಕೆ ಪ್ರೋಟೊಮೈಸಿಸ್ ಶಿಲೀಂಧ್ರ ಕಾರಣ. ಗಂಟಿನ ಅಂಗಾಂಶದಲ್ಲಿ ದಪ್ಪ ಕವಚದ ಬೀಜಕಣಗಳು ಕಾಣುತ್ತವೆ.

ಕೀಟ ಮತ್ತು ನುಸಿಯ ಗಂಟುಗಳು: ಹೊಂಗೆ ಎಲೆಯ ಮೇಲಿನ ಗುಳ್ಳೆಗಳು ನುಸಿಯಿಂದಲೂ, ನೀಲಗಿರಿಯ ಎಲೆದಂಟಿನ ಉಬ್ಬುಗಳು ಸಣ್ಣ ಕಣಜದಿಂದಲೂ ಆಗುವಂಥವು. ಕೊಯ್ದಾಗ ಸ್ಪಷ್ಟವಾದ ಕೋಣೆ, ಅದರೊಳಗೆ ಮರಿಹುಳು ಅಥವಾ ನುಸಿ, ಇಲ್ಲವೇ ಹುಳು ಹೊರಬಿದ್ದ ರಂಧ್ರ ಕಂಡರೆ ರೋಗಾಣುವನ್ನು ಹುಡುಕುವ ಅಗತ್ಯವಿಲ್ಲ.

ಗಂಟಿಲ್ಲದಿದ್ದರೂ ಕೊಯ್ದು ನೋಡಬೇಕಾದ ಸೊರಗು ರೋಗಗಳು

ಟೊಮೆಟೊ, ಬದನೆ, ಶುಂಠಿ: ಆಗತಾನೇ ಬಾಡಿದ ಗಿಡದ ಬುಡದಿಂದ 5 ಸೆಂ.ಮೀ. ಕಾಂಡದ ತುಂಡನ್ನು ಕತ್ತರಿಸಿ, ತಿಳಿನೀರು ತುಂಬಿದ ಗಾಜಿನ ಲೋಟದಲ್ಲಿ ತುದಿ ಮುಳುಗುವಂತೆ ತೂಗುಬಿಡಿ. ಕೆಲವೇ ನಿಮಿಷಗಳಲ್ಲಿ ಹಾಲಿನಂತಹ ಎಳೆಗಳು ಇಳಿದರೆ ಅದು ರಾಲ್‌ಸ್ಟೋನಿಯ ದುಂಡಾಣುವಿನ ಸೊರಗು ರೋಗ. ಒಳಗೆ ಕಂದು ಬಣ್ಣವಿದ್ದೂ ಎಳೆ ಇಳಿಯದಿದ್ದರೆ ಫ್ಯುಸೇರಿಯಮ್ ಶಿಲೀಂಧ್ರವನ್ನು ಶಂಕಿಸಬೇಕು. ಒಣಗಿದ ಗಿಡದಲ್ಲಿ ಈ ಪರೀಕ್ಷೆ ಫಲ ಕೊಡುವುದಿಲ್ಲ.

ತೊಗರಿ: ಬಾಡಿದ ಗಿಡದ ಕಾಂಡವನ್ನು ಬುಡದಿಂದ ಉದ್ದಕ್ಕೆ ಸೀಳಿದಾಗ ತೊಗಟೆಯ ಕೆಳಗೆ ಕಪ್ಪು ಅಥವಾ ಕಂದು ಗೆರೆಗಳಿದ್ದರೆ ಅದು ಸೊರಗು ರೋಗದ ಗುರುತು.

ದಾಳಿಂಬೆ: ವಿಜಯಪುರ, ಬಾಗಲಕೋಟೆ, ಚಿತ್ರದುರ್ಗ ಜಿಲ್ಲೆಗಳ ಬೆಳೆಗಾರರಿಗೆ ಸೊರಗು ರೋಗ ಪರಿಚಿತವೇ. ಬುಡ ಅಥವಾ ಬೇರನ್ನು ಅಡ್ಡಲಾಗಿ ಕೊಯ್ದಾಗ ಕಟ್ಟಿಗೆಯಲ್ಲಿ ಬೂದುಗಪ್ಪು ಅಥವಾ ಕಡುಕಂದು ಕಲೆ ಕಂಡರೆ ಸೆರಟೋಸಿಸ್ಟಿಸ್ ಶಿಲೀಂಧ್ರದ ಸಾಧ್ಯತೆ ಹೆಚ್ಚು. ಪ್ರಯೋಗಾಲಯದಲ್ಲಿ ಇಂತಹ ಕಟ್ಟಿಗೆಯ ಚೂರುಗಳನ್ನು ಎರಡು ಗಜ್ಜರಿ ಬಿಲ್ಲೆಗಳ ನಡುವೆ ತೇವದಲ್ಲಿಟ್ಟು, ಮೂಡಿಬರುವ ಶಿಲೀಂಧ್ರದ ಉದ್ದ ಕತ್ತಿನ ಕಪ್ಪು ಫಲಕಾಯಗಳಿಂದ ರೋಗವನ್ನು ದೃಢಪಡಿಸಲಾಗುತ್ತದೆ. ಜಂತುಹುಳು ಮಾಡಿದ ಗಾಯಗಳು ಈ ರೋಗಕ್ಕೆ ದಾರಿ ಮಾಡಿಕೊಡುವುದರಿಂದ ಬೇರನ್ನೂ ಜೊತೆಯಲ್ಲಿಯೇ ಪರೀಕ್ಷಿಸಬೇಕು.

ಮಾದರಿ ಸಂಗ್ರಹಿಸಿ ಕಳುಹಿಸುವ ಕ್ರಮ

• ಪೂರ್ತಿ ಸತ್ತ ಗಿಡ ಬೇಡ. ರೋಗದ ಆರಂಭ ಮತ್ತು ಮಧ್ಯಮ ಹಂತದ ಗಿಡಗಳನ್ನು ಆರಿಸಿ. ಹೋಲಿಕೆಗಾಗಿ ಒಂದು ಆರೋಗ್ಯವಂತ ಗಿಡವನ್ನೂ ಸೇರಿಸಿ.
• ಗಿಡವನ್ನು ಎಳೆದು ಕೀಳಬೇಡಿ. ಗಂಟುಗಳು ಮತ್ತು ಎಳೆ ಬೇರುಗಳು ಮಣ್ಣಿನಲ್ಲಿಯೇ ಉಳಿಯುತ್ತವೆ. ಸಲಿಕೆಯಿಂದ ಅಗೆದು ತೆಗೆಯಿರಿ.
• ತುಂಡನ್ನು ಕತ್ತರಿಸುವಾಗ ರೋಗದ ಭಾಗ ಮತ್ತು ಆರೋಗ್ಯವಂತ ಭಾಗ ಸಂಧಿಸುವ ಅಂಚು ಅದರಲ್ಲಿರಬೇಕು. ರೋಗಾಣು ಸಕ್ರಿಯವಾಗಿರುವುದು ಅಲ್ಲಿಯೇ.
• ಜಂತುಹುಳುವಿನ ಪರೀಕ್ಷೆಗೆ ಬೇರಿನ ಜೊತೆ ಬೇರುವಲಯದ ತೇವವಿರುವ ಸುಮಾರು ಅರ್ಧ ಕಿ.ಗ್ರಾಂ ಮಣ್ಣನ್ನು ಪಾಲಿಥೀನ್ ಚೀಲದಲ್ಲಿ ಕಟ್ಟಿ, ನೆರಳಿನಲ್ಲಿಡಿ. ಬಿಸಿಲಿನಲ್ಲಿ ನಿಂತ ವಾಹನದೊಳಗೆ ಬಿಟ್ಟರೆ ಹುಳುಗಳು ಸಾಯುತ್ತವೆ.
• ಕಾಂಡ ಮತ್ತು ಗಡ್ಡೆಗಳನ್ನು ಒಣ ವೃತ್ತಪತ್ರಿಕೆಯಲ್ಲಿ ಸುತ್ತಿ. ಒದ್ದೆ ಮಾಡಿ ಪ್ಲಾಸ್ಟಿಕ್‌ನಲ್ಲಿ ಕಟ್ಟಿದರೆ ಕೊಳೆತು, ಕೊಳೆತದ ಶಿಲೀಂಧ್ರವೇ ಮೂಲ ರೋಗಾಣುವನ್ನು ಮರೆಮಾಡುತ್ತದೆ.
• ತಳಿ, ಬೆಳೆಯ ವಯಸ್ಸು, ಸಸಿಯ ಮೂಲ, ಹಿಂದಿನ ಬೆಳೆ, ನೀರಾವರಿ, ಬಳಸಿದ ಔಷಧಿ ಮತ್ತು ರೋಗ ಹೊಲದಲ್ಲಿ ಹರಡಿದ ರೀತಿಯನ್ನು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದು ಲಗತ್ತಿಸಿ.

ವಿಸ್ತರಣಾ ಕಾರ್ಯಕರ್ತರಿಗೆ: ಮಾದರಿ ತಲುಪಲು ತಡವಾಗುವಂತಿದ್ದರೆ ಅಂಗಾಂಶದ ಸಣ್ಣ ತುಂಡುಗಳನ್ನು, ಶೇಕಡಾ 70ರ ಈಥೈಲ್ ಆಲ್ಕೊಹಾಲ್ 90 ಮಿ.ಲೀ., ಅಸೆಟಿಕ್ ಆಮ್ಲ 5 ಮಿ.ಲೀ. ಹಾಗೂ ಫಾರ್ಮಲಿನ್ 5 ಮಿ.ಲೀ. ಸೇರಿಸಿದ ದ್ರಾವಣದಲ್ಲಿ ಸಂರಕ್ಷಿಸಬಹುದು. ಫಾರ್ಮಲಿನ್ ವಿಷಕಾರಿಯಾದುದರಿಂದ ಕೈಗವಸು ಧರಿಸಿ, ಗಾಳಿಯಾಡುವ ಸ್ಥಳದಲ್ಲಿ ಬಳಸಿ. ಈ ದ್ರಾವಣದಲ್ಲಿ ಕೋಶರಚನೆ ಉಳಿಯುತ್ತದೆ, ಆದರೆ ರೋಗಾಣು ಸಾಯುತ್ತದೆ. ಅದನ್ನು ಮತ್ತೆ ಬೆಳೆಸಲಾಗದು. ಆದ್ದರಿಂದ ಸಂರಕ್ಷಿಸದ ತಾಜಾ ಮಾದರಿಯೊಂದನ್ನು ಕಡ್ಡಾಯವಾಗಿ ಜೊತೆಗೆ ಕಳುಹಿಸಿ.

ವರದಿಯನ್ನು ಓದುವ ಬಗೆ

ಪ್ರಯೋಗಾಲಯದಲ್ಲಿ ಅಂಗಾಂಶವನ್ನು ತೆಳುವಾಗಿ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಲಾಗುತ್ತದೆ. ವರದಿಯಲ್ಲಿ ‘ಕಂಡುಬಂದಿದೆ’ ಎಂಬುದಕ್ಕೂ ‘ರೋಗಕ್ಕೆ ಕಾರಣ’ ಎಂಬುದಕ್ಕೂ ವ್ಯತ್ಯಾಸವಿದೆ. ಕೊಳೆತ ಅಂಗಾಂಶದಲ್ಲಿ ಶಿಲೀಂಧ್ರ ಕಂಡುಬರುವುದು ಸಾಮಾನ್ಯ. ಅದೇ ಮೂಲ ಕಾರಣವೆಂದು ಅರ್ಥವಲ್ಲ. ‘ಕಂಡುಬಂದಿಲ್ಲ’ ಎಂದರೆ ಆ ಮಾದರಿಯಲ್ಲಿ ಸಿಗಲಿಲ್ಲವೆಂದಷ್ಟೇ. ಲಕ್ಷಣಗಳು ಮುಂದುವರಿದರೆ ಮತ್ತೊಮ್ಮೆ ಮಾದರಿ ಕಳುಹಿಸಿ.

ಜಂತುಹುಳುವಿನ ವರದಿಯಲ್ಲಿ ಪ್ರಭೇದದ ಹೆಸರಿದೆಯೇ ಎಂದು ಗಮನಿಸಿ. ಹೆಣ್ಣು ಹುಳುವಿನ ಹಿಂಭಾಗದ ಗೆರೆಗಳ ವಿನ್ಯಾಸದಿಂದ ಮತ್ತು ಅಗತ್ಯವಿದ್ದಲ್ಲಿ ಡಿಎನ್‌ಎ ಪರೀಕ್ಷೆಯಿಂದ ಪ್ರಭೇದವನ್ನು ಗುರುತಿಸಲಾಗುತ್ತದೆ. ಇದು ತಳಿಯ ಆಯ್ಕೆಗೆ ಮುಖ್ಯ. ಟೊಮೆಟೊದ ‘ಎಂಐ’ ವಂಶವಾಹಿಯುಳ್ಳ ನಿರೋಧಕ ತಳಿಗಳು ಮೆಲಾಯ್ಡೋಗೈನೆ ಇನ್‌ಕಾಗ್ನಿಟಾವನ್ನು ತಡೆಯುತ್ತವೆ. ಆದರೆ ಸೀಬೆಯನ್ನು ತೀವ್ರವಾಗಿ ಬಾಧಿಸುವ ಮೆಲಾಯ್ಡೋಗೈನೆ ಎಂಟೆರೊಲೋಬಿಯನ್ನು ತಡೆಯಲಾರವು. ಮಣ್ಣಿನ ಉಷ್ಣಾಂಶ 28 ಡಿಗ್ರಿ ಸೆಲ್ಸಿಯಸ್ ಮೀರಿದಾಗಲೂ ಈ ನಿರೋಧಕತೆ ಕುಂದುತ್ತದೆ.

ರೋಗನಿರ್ಣಯದ ನಂತರ ಕೈಗೊಳ್ಳಬೇಕಾದ ಕ್ರಮಗಳು

ಜಂತುಹುಳು ದೃಢಪಟ್ಟಲ್ಲಿ: ಏಪ್ರಿಲ್–ಮೇ ತಿಂಗಳಲ್ಲಿ ಸಸಿಮಡಿಯನ್ನು ನೀರಿನಿಂದ ತೋಯಿಸಿ, 25 ಮೈಕ್ರಾನ್ ದಪ್ಪದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು 4ರಿಂದ 6 ವಾರ ಹೊದಿಸಿ. ಚೆಂಡುಹೂವನ್ನು ಬೆಳೆ ಪರಿವರ್ತನೆಯಲ್ಲಿ ಸೇರಿಸಿ. ಬೇವಿನ ಹಿಂಡಿ ಹಾಗೂ ಜೈವಿಕ ನಿಯಂತ್ರಕಗಳನ್ನು ವಿಶ್ವವಿದ್ಯಾಲಯದ ಶಿಫಾರಸಿನ ಪ್ರಮಾಣದಲ್ಲಿ ಬಳಸಿ. ಕಟಾವಿನ ನಂತರ ಗಂಟಿರುವ ಬೇರುಗಳನ್ನು ಹೊಲದಲ್ಲಿ ಉಳಿಸದೆ ಕಿತ್ತು ಸುಡಿ.

ಬುಡಗಂಟು ದೃಢಪಟ್ಟಲ್ಲಿ: ರೋಗಪೀಡಿತ ಗಿಡವನ್ನು ಬೇರುಸಹಿತ ತೆಗೆದು ಸುಡಿ. ಚಾಟನಿ ಕತ್ತರಿ ಮತ್ತು ಕಸಿ ಚಾಕುವನ್ನು ಪ್ರತಿ ಗಿಡದ ನಂತರ ಶೇಕಡಾ 70ರ ಆಲ್ಕೊಹಾಲ್‌ನಲ್ಲಿ ಅದ್ದಿ. ಕಳೆ ತೆಗೆಯುವಾಗ ಬುಡಕ್ಕೆ ಗಾಯವಾಗದಂತೆ ನೋಡಿಕೊಳ್ಳಿ. ಅದೇ ಗುಂಡಿಯಲ್ಲಿ ಅದೇ ಬೆಳೆಯನ್ನು ಮರುನಾಟಿ ಮಾಡಬೇಡಿ. ಕೆಲವು ವರ್ಷ ಜೋಳ, ಮೆಕ್ಕೆಜೋಳದಂತಹ ಏಕದಳ ಬೆಳೆಗಳನ್ನು ಬೆಳೆಯುವುದು ಉತ್ತಮ.

ಕೀಟ ಅಥವಾ ನುಸಿಯ ಗಂಟಾದಲ್ಲಿ: ಶಿಲೀಂಧ್ರನಾಶಕ, ದುಂಡಾಣುನಾಶಕಗಳಿಗೆ ಹಣ ವ್ಯಯಿಸಬೇಡಿ. ಬಾಧಿತ ರೆಂಬೆಗಳನ್ನು ಕತ್ತರಿಸಿ ನಾಶಪಡಿಸುವುದರಿಂದ ಬಹುಪಾಲು ಹತೋಟಿ ಸಾಧ್ಯ.

ಸಾರಜನಕದ ಗಂಟಾದಲ್ಲಿ: ಯಾವ ಕ್ರಮವೂ ಬೇಡ. ಒಳಗೆ ಗುಲಾಬಿ ಬಣ್ಣವಿರುವ ಗಂಟುಗಳು ಹೇರಳವಾಗಿರುವುದು ಬೆಳೆಯ ಆರೋಗ್ಯದ ಗುರುತು.

ಹೊಸ ತೋಟ ಮಾಡುವವರು ಸಸಿಗಳನ್ನು ಕೊಳ್ಳುವ ಮುನ್ನ, ಪ್ರತಿ ತಂಡದಿಂದ ಕೆಲವು ಸಸಿಗಳ ಚೀಲವನ್ನು ಬಿಚ್ಚಿ, ಬೇರನ್ನು ತೊಳೆದು, ಸಂಶಯ ಬಂದ ಗಂಟನ್ನು ಕೊಯ್ದು ನೋಡಬೇಕು. ಪರೀಕ್ಷೆಗಾಗಿ ಕಳೆದುಕೊಳ್ಳುವ ನಾಲ್ಕು ಸಸಿಗಳ ಬೆಲೆ, ರೋಗ ಹೊಕ್ಕ ಭೂಮಿಯ ಬೆಲೆಗೆ ಸಮವಲ್ಲ. ಕಾರಣ ಸ್ಪಷ್ಟವಾಗದಿದ್ದಲ್ಲಿ ಔಷಧಿ ಬಳಸುವ ಮೊದಲು ಹತ್ತಿರದ ರೈತ ಸಂಪರ್ಕ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಅಥವಾ ವಿಶ್ವವಿದ್ಯಾಲಯದ ಸಸ್ಯರೋಗಶಾಸ್ತ್ರ ವಿಭಾಗವನ್ನು ಮಾದರಿಯೊಂದಿಗೆ ಸಂಪರ್ಕಿಸಿ.