ಮೂರು ಅಂಗುಲದ ಗ್ರಹಣ

ಖಂಡಗ್ರಾಸ ಚಂದ್ರಗ್ರಹಣ ಅಂದ್ರ ನಮಗ ಅಷ್ಟೇನೂ ಗಾಬರಿ ಇರೂದಿಲ್ಲ. ಉಪ್ಪಿನಕಾಯಿ ಭರಣಿ ಮ್ಯಾಲೆ ದರ್ಭಿ ಇಟ್ಟು, ಹಾಲು-ಮೊಸರಿಗೆ ತುಳಸಿ ಹಾಕಿ, ಬಿಟ್ಟ ಮ್ಯಾಲೆ ಸ್ನಾನ ಮಾಡಿದ್ರ ಮುಗೀತು. ಒಂದು ಚೂರು ಹಿಡಿಯೂದನ್ನ ಏನು ನೋಡೂದು ಅಂತ ಮಲಗಿಬಿಡ್ತೇವಿ. ಆದ್ರ 2700 ವರ್ಷದ ಹಿಂದ ಅಂಥಾ ಒಂದು ಚೂರಿಗಾಗಿ ನಿದ್ದಿಗೆಟ್ಟು ಕೂತವರ ಸುದ್ದಿ ಓದಿದೆ, ನಿಮಗ ಹೇಳಬೇಕನಸ್ತು.

ಊರು ಬಾಬಿಲೋನ್, ಈಗಿನ ಇರಾಕಿನೊಳಗಿಂದು. ಕ್ರಿ.ಪೂ. 720ರ ಮಾರ್ಚ್ 8ರ ರಾತ್ರಿ ಚಂದ್ರಗ ಗ್ರಹಣ ಹಿಡೀತು. ಚಂದ್ರನ ಅಗಲ 12 ಅಂಗುಲ ಅಂತ ಇಟಗೊಂಡ್ರ, ದಕ್ಷಿಣದ ಕಡೆ ಬರೇ 3 ಅಂಗುಲ ಕಪ್ಪಾತು, ಅದೂ ಸರೀ ನಡುರಾತ್ರಿಗೆ. ಭೂಮಿ ನೆರಳು ಸವರಿಕೊಂಡು ಹೋತು, ಅಷ್ಟ. ಆದ್ರೂ ಬರದಿಟ್ರು. ಸುಮಾರು 870 ವರ್ಷ ಆದಮ್ಯಾಲೆ ಈಜಿಪ್ಟಿನ ಅಲೆಕ್ಸಾಂಡ್ರಿಯಾದಾಗ ಟಾಲೆಮಿ ಅನ್ನೋ ಜ್ಯೋತಿಷ ಪಂಡಿತ ಇದನ್ನ, ಇದರ ಹಿಂದುಮುಂದಿನ ಇನ್ನೆರಡು ಗ್ರಹಣಾನೂ ತಗೊಂಡು ಚಂದ್ರನ ಚಲನೆ ಲೆಕ್ಕ ಹಾಕಿದ. ಗ್ರಹಣದ ನಡುವಿಗೆ ಚಂದ್ರ ಸೂರ್ಯನ ಎದುರಾ-ಎದುರ ಇರ್ತಾನಲ್ಲಾ, ಹಿಂಗಾಗಿ ಅವನ ಜಾಗಾ ಬಿಲ್ಕುಲ್ ತಪ್ಪೂದಿಲ್ಲ.

ಇಷ್ಟು ಕಾಳಜಿಲೆ ಅಳದದ್ದು ಯಾಕ? ಗಣಿತದ ಹುಚ್ಚಿಗಷ್ಟೇ ಅಲ್ರಿ, ಅಂಜಿಕಿಗೂ. ಚಂದ್ರನನ್ನ ನಾಲ್ಕು ಭಾಗ ಮಾಡಿ ಒಂದೊಂದು ಭಾಗಕ್ಕ ಒಂದೊಂದು ದೇಶ ಅಂತ ಹಚ್ಚಿದ್ರು. ಯಾವ ಭಾಗ ಕಪ್ಪಾತೋ ಆ ದೇಶದ ರಾಜಾಗ ಗಂಡಾಂತರ. ಪೂರ್ತಿ ಹಿಡದ್ರ ಎಲ್ಲಾರಿಗೂ ಬಂತು. ಚೂರು ಹಿಡದಾಗನ, ಯಾರ ಪಾಲಿಗೆ ಅಂತ ಕಣ್ಣಾಗ ಎಣ್ಣಿ ಬಿಟಗೊಂಡು ನೋಡಬೇಕು. ಗುರುಗ್ರಹ ಕಂಡ್ರ ರಾಜಾ ಪಾರಾದ ಅಂತಿದ್ರು. ನಮ್ಮ ಪಂಚಾಂಗದಾಗ ಯಾವ ರಾಶಿಗೆ ಅಶುಭ ಅಂತ ಹುಡುಕೂದು ನೆನಪಾತು ನನಗ.

ನಮ್ಮಲ್ಲೆ ಒಂದಿಷ್ಟು ಅಕ್ಕಿ, ಬ್ಯಾಳಿ ದಾನ ಕೊಟ್ರ ಶಾಂತಿ ಆಗ್ತದ. ಅಲ್ಲಿ ಶಾಂತಿ ಬ್ಯಾರೆ ಇತ್ತು. ಬಾಬಿಲೋನನ್ನೂ ಆಳ್ತಿದ್ದ ಅಸ್ಸೀರಿಯಾದ ರಾಜಾ ಎಸರ್ಹದ್ದೋನನ ಕಾಲದ ಪತ್ರ ಮಣ್ಣಿನ ಹಲಗಿ ಮ್ಯಾಲೆ ಉಳದಾವ. ಗ್ರಹಣ ಕೆಟ್ಟದಿದ್ರ ರಾಜಾ ಗಾದಿ ಬಿಟ್ಟು ಇಳೀತಿದ್ದ. ಪತ್ರದಾಗ ಅವಗ "ರೈತ" ಅಂತ ಬರೀತಿದ್ರು! ಬದಲಿಗೆ ಒಬ್ಬನ್ನ ಸಿಂಹಾಸನದ ಮ್ಯಾಲೆ ಕೂಡಸೂದು, ಬಂದ ಅನಿಷ್ಟ ಅವಗ ತಟ್ಟಲಿ ಅಂತ. ನೂರು ದಿನದ ತನಕಾನೂ ಕೂಡಸಬಹುದಿತ್ತಂತ. ಆಮ್ಯಾಲೆ ಅವ ಸಾಯಬೇಕು. ಖರೇ ರಾಜಾ ತಿರುಗಿ ಬಂದು ಕೂಡ್ತಿದ್ದ.

ಕ್ರಿ.ಪೂ. 671ರ ಸುಮಾರಿಗೆ ಹಂಗ ಕೂತವ ದಮ್ಕಿ, ಅಕ್ಕಾದ್ ಊರಿನ ಗುಡಿ ಹಿರಿಯನ ಮಗ. ಬಾಜೂಕ ಒಬ್ಬಾಕಿನ್ನ ರಾಣಿ ಅಂತ ಕೂಡಸಿದ್ರು. ಒಂದ ರಾತ್ರಿ ಇಬ್ಬರೂ ಸತ್ರು. ಮಾರ್-ಇಷ್ಟಾರ್ ಅನ್ನೋ ಅಧಿಕಾರಿ ರಾಜಾಗ ಬರದ ಪತ್ರದಾಗ ಎಲ್ಲಾ ಅದ: ಗೋರಿ ಕಟ್ಟಿದ್ದು, ಇಬ್ಬರಿಗೂ ಶೃಂಗಾರ ಮಾಡಿದ್ದು, ಹೂಳಿದ್ದು, ಅತ್ತದ್ದು. ದಮ್ಕಿ ಹೆಸರದ, ಅವನ ಅಪ್ಪನ ಪದವಿ ಅದ. ಆಕಿದು "ಅವನ ರಾಣಿ" ಅಂತಷ್ಟ. ಮೂರು ಅಂಗುಲ ಕಪ್ಪನ್ನ ಬಿಡದ ಬರದಿಟ್ಟ ಸೀಮಿಯೊಳಗ ಆಕಿ ಹೆಸರು ಬರೀಲಿಕ್ಕೆ ಮಣ್ಣು ಸಾಲಲಿಲ್ಲೇನು ಅಂತ ನನಗ ಸಿಟ್ಟು ಬಂತು.

ಅಕ್ಕಾದಿನ ಮಂದಿ ಅಂಜಿದ್ರಂತ. ಧೈರ್ಯ ಹೇಳಿದ ಮ್ಯಾಲೆ ಸುಮ್ಮನಾದ್ರು ಅಂತ ಅದ ಪತ್ರದಾಗ ಬರದಾನ.