ಬಂದರಿನ ಗೋಡೆಯಾಚೆ ಒಂದು ಹಾಯಿದೋಣಿ ಪಂದ್ಯ

ನಾನು ಬಯಲುಸೀಮೆಯವನು. ನಮ್ಮೂರ ಕೆರೆ ಕೋಡಿ ಬಿದ್ದ ವರ್ಷಗಳನ್ನು ಹಿರಿಯರು ಮನೆಯ ಮಕ್ಕಳು ಹುಟ್ಟಿದ ವರ್ಷಗಳಂತೆ ನೆನಪಿಟ್ಟುಕೊಳ್ಳುತ್ತಿದ್ದರು. ಅವು ಅಷ್ಟು ವಿರಳ. ಅಂಥ ಊರಿನಿಂದ ಉದ್ಯೋಗದ ನೆಪದಲ್ಲಿ ಮದರಾಸು ಸೇರಿದವನು ಹಾಯಿದೋಣಿಯ ಪಂದ್ಯದಲ್ಲಿ ಭಾಗವಹಿಸಿದನೆಂದರೆ ವಾಚಕರು ನಕ್ಕಾರು. ನಗಲಿ, ನಮ್ಮ ಮನೆಯವರೂ ನಕ್ಕಿದ್ದರು. ಊರಿಗೆ ಚೆನ್ನೈ ಎಂಬ ಹೆಸರು ಅಧಿಕೃತವಾಗಿ ಬಂದುದು 1996ರಲ್ಲಿ. ನಾನು ಹೇಳುವ ಪಂದ್ಯ ನಡೆದುದು 2001ರ ಮಾರ್ಚಿನಲ್ಲಿ. ಆದರೂ ನನ್ನ ನಾಲಗೆಗೆ ಅದು ಮದರಾಸೇ.

ನನ್ನನ್ನು ದೋಣಿಗೆ ಹತ್ತಿಸಿದವರು ನಮ್ಮ ಬೀದಿಯಲ್ಲಿದ್ದ ಒಬ್ಬ ನಿವೃತ್ತ ಎಂಜಿನಿಯರು. ಅವರನ್ನು ಇಲ್ಲಿ ಹಿರಿಯರೆಂದಷ್ಟೇ ಕರೆಯುತ್ತೇನೆ. ಚುಕ್ಕಾಣಿ ಅವರದು; ಮುಂದಿನ ಸಣ್ಣ ಹಾಯಿಯ ಹಗ್ಗ ಹಿಡಿಯುವುದು, ದೋಣಿ ವಾಲಿದಾಗ ಎದುರುಮಗ್ಗುಲಲ್ಲಿ ಮೈ ಹೊರಚಾಚಿ ತೂಕ ಕೊಡುವುದು ನನ್ನ ಕೆಲಸ. ತೂಕ ಕೊಡುವ ಯೋಗ್ಯತೆಯೊಂದು ನನಗೆ ಹೇರಳವಾಗಿತ್ತು.

ಮದರಾಸಿನ ಯಾಚ್ ಕ್ಲಬ್ಬು ಹುಟ್ಟಿದ್ದು 1911ರಲ್ಲಿ. ಹುಟ್ಟಿಸಿದವರು ಬಂದರು ಮಂಡಳಿಯ ಅಧ್ಯಕ್ಷರಾಗಿದ್ದ ಸರ್ ಫ್ರಾನ್ಸಿಸ್ ಸ್ಪ್ರಿಂಗ್ ಎಂಬ ಐರಿಷ್ ಎಂಜಿನಿಯರು. ಈ ಹೆಸರನ್ನು ನಮ್ಮಲ್ಲಿ ಅನೇಕರು ಬೇರೊಂದು ಕಾರಣಕ್ಕೆ ಕೇಳಿರುತ್ತಾರೆ. 1912ರ ಮಾರ್ಚಿನಲ್ಲಿ ತಿಂಗಳಿಗೆ 30 ರೂಪಾಯಿ ಸಂಬಳದ ಗುಮಾಸ್ತೆಯಾಗಿ ಬಂದರಿನ ಕಚೇರಿ ಸೇರಿದ ಶ್ರೀನಿವಾಸ ರಾಮಾನುಜನ್ ಅವರಿಗೆ ಬೆಂಬಲವಾಗಿ ನಿಂತವರಲ್ಲಿ ಅವರೂ ಒಬ್ಬರು. ಲೆಕ್ಕದ ಪುಸ್ತಕ ಬರೆಯಬೇಕಾದ ಗುಮಾಸ್ತೆ ಬೇರೆಯೇ ಲೆಕ್ಕ ಮಾಡುತ್ತಿದ್ದಾನೆಂದು ಮೇಲಧಿಕಾರಿ ಮುನಿಯಲಿಲ್ಲ. ಕಚೇರಿಗಳಲ್ಲಿ ದುಡಿದವರಿಗೆ ಇದು ಎಷ್ಟು ಅಪರೂಪವೆಂದು ಬಿಡಿಸಿ ಹೇಳಬೇಕಿಲ್ಲ.

ಕ್ಲಬ್ಬಿಗಿಂತ ಮೊದಲು ಬಂದರಿನ ಕಥೆ ಹೇಳಬೇಕು, ಏಕೆಂದರೆ ಮದರಾಸಿಗೆ ಸಹಜವಾದ ಬಂದರೇ ಇರಲಿಲ್ಲ. ಮುಂಬಯಿಗೆ ಇರುವಂತೆ ಕೊಲ್ಲಿಯ ಆಸರೆ ಇಲ್ಲ, ಕಲ್ಕತ್ತೆಗೆ ಇರುವಂತೆ ದೊಡ್ಡ ನದಿಯೂ ಇಲ್ಲ. ಹಡಗುಗಳು ದೂರದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು. ನೊರೆಯಲೆಗಳನ್ನು ದಾಟಿಸಿ ಜನರನ್ನೂ ಸರಕನ್ನೂ ದಡಕ್ಕೆ ತರುತ್ತಿದ್ದುದು ಮಸೂಲ ದೋಣಿ. ಅದರ ಹಲಗೆಗಳಿಗೆ ಮೊಳೆಯಿಲ್ಲ. ತೆಂಗಿನ ನಾರಿನ ಹುರಿಯಿಂದ ಹೊಲಿದವು. ಮೊಳೆ ಹೊಡೆದ ದೋಣಿ ಆ ಅಲೆಗೆ ಬಿರಿದುಹೋದೀತು, ಹೊಲಿದದ್ದು ಬಳುಕಿ ಉಳಿದೀತು. ಗವರ್ನರಾದರೂ ಜವಾನನಾದರೂ ಮದರಾಸಿನಲ್ಲಿ ಇಳಿಯುವಾಗ ಮೈ ನೆನೆಸಿಕೊಳ್ಳಬೇಕಿತ್ತು. ಸರಕಾರಕ್ಕೆ ಆ ಸಮಾನತೆ ಹಿಡಿಸಲಿಲ್ಲವೆಂದು ಕಾಣುತ್ತದೆ. 1861ರಲ್ಲಿ ಕಬ್ಬಿಣದ ಕಂಬಗಳ ಮೇಲೆ ಕಟ್ಟೆಯೊಂದಾಯಿತು. 1875ರ ಡಿಸೆಂಬರಿನಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಬಂದು ಅಲೆತಡೆ ಗೋಡೆಗಳಿಗೆ ಅಡಿಗಲ್ಲಿಟ್ಟರು. ಕಡಲನ್ನು ಎರಡು ತೋಳುಗಳಿಂದ ಬಳಸಿ ಹಿಡಿಯುವ ಆ ಗೋಡೆಗಳು ಮುಗಿಯುತ್ತ ಬಂದಿದ್ದಾಗ, 1881ರ ನವೆಂಬರಿನ ಚಂಡಮಾರುತ ಅವುಗಳ ಬಹುಭಾಗವನ್ನು ಕೆಡವಿತು. ಮತ್ತೆ ಕಟ್ಟಿದರು. ಆದರೆ ಬಂದರಿನ ಬಾಯಿ ನೇರ ಪೂರ್ವಕ್ಕಿತ್ತು, ಅಲೆಗಳು ಒಳಗೇ ನುಗ್ಗುತ್ತಿದ್ದವು. 1904ರಲ್ಲಿ ಅಧ್ಯಕ್ಷರಾದ ಸ್ಪ್ರಿಂಗ್ ಆ ಬಾಯನ್ನು ಮುಚ್ಚಿಸಿ ಈಶಾನ್ಯಕ್ಕೆ ಹೊಸದೊಂದನ್ನು ತೆರೆಯಿಸಿದರು. ಒಳನೀರು ಶಾಂತವಾಯಿತು. ಕ್ಲಬ್ಬು ಹುಟ್ಟಿದ್ದು ಆ ಕಾಲದಲ್ಲೇ.

ಗೋಡೆಗೆ ಇನ್ನೊಂದು ಪರಿಣಾಮವೂ ಇತ್ತು. ಈ ಕರಾವಳಿಯಲ್ಲಿ ಅಲೆಗಳು ವರ್ಷದ ಹೆಚ್ಚು ಕಾಲ ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತವೆ. ಗೋಡೆ ಅಡ್ಡ ಬಂದಿತು. ಮರಳು ದಕ್ಷಿಣದಲ್ಲೇ ನಿಂತಿತು. ಇಂದು ನಾವು ಕಡಲೆಕಾಯಿ ತಿನ್ನುತ್ತ ಕೂರುವ ಮರೀನಾದ ವಿಶಾಲ ತೀರ ಬಹುಮಟ್ಟಿಗೆ ಹೀಗೆ ಬೆಳೆದುದು. ಉತ್ತರದಲ್ಲಿ ರಾಯಪುರಂ ಕಡೆ ಅಷ್ಟೇ ಪ್ರಮಾಣದಲ್ಲಿ ಕಡಲು ನೆಲವನ್ನು ತಿಂದಿತು. ಅಲ್ಲಿನ ಬೆಸ್ತರ ಕೇರಿಗಳನ್ನು ಯಾರೂ ಕೇಳಿ ಗೋಡೆ ಕಟ್ಟಲಿಲ್ಲ. ಕಟ್ಟುಮರವೆಂಬ ಅವರ ತೇಲುದಿಮ್ಮಿಯ ಹೆಸರನ್ನು ಮಾತ್ರ ಇಂಗ್ಲಿಷರು ಒಯ್ದು, ಇಂದು ಜಗತ್ತಿನ ಶ್ರೀಮಂತರ ಜೋಡಿ ಒಡಲಿನ ದೋಣಿಗಳಿಗೆಲ್ಲ ಇಟ್ಟಿದ್ದಾರೆ.

ಇನ್ನು ಪಂದ್ಯದ ವಿಚಾರ. ಯಾಚ್ ಎಂಬುದು ಡಚ್ಚರ ಮಾತು. ಬೇಟೆಯೆಂಬ ಅರ್ಥದಿಂದ ಬಂದುದು. 1660ರಲ್ಲಿ ಡಚ್ಚರು ಇಂಗ್ಲೆಂಡಿನ ಎರಡನೆಯ ಚಾರ್ಲ್ಸನಿಗೆ ಅಂಥದೊಂದು ದೋಣಿಯನ್ನು ಕಾಣಿಕೆ ಕೊಟ್ಟರು. ಮರುವರ್ಷವೇ ಅವನು ಥೇಮ್ಸ್ ನದಿಯಲ್ಲಿ ತಮ್ಮನೊಡನೆ 100 ಪೌಂಡಿನ ಪಣ ಕಟ್ಟಿ ಪಂದ್ಯ ಓಡಿದ. ಅಣ್ಣತಮ್ಮಂದಿರ ಜೂಜು ಮುಂದೆ ದೊರೆಗಳ, ಧನಿಕರ ಆಟವಾಯಿತು. ದೊಡ್ಡ ದೋಣಿ ಇದ್ದವನೇ ಗೆಲ್ಲುತ್ತಿದ್ದ. ಅದಕ್ಕೆ ಮದ್ದು ಹುಡುಕಿದವರು 1887ರಲ್ಲಿ ಡಬ್ಲಿನ್ನಿನ ಕೆಲವರು. ಎಲ್ಲ ದೋಣಿಗಳೂ ಒಂದೇ ಅಳತೆಯವಾಗಿರಲಿ, ಕೈಚಳಕವೇ ತೀರ್ಮಾನಿಸಲಿ ಎಂದು ನಿಯಮ ಮಾಡಿ, ‘ವಾಟರ್ ವ್ಯಾಗ್’ ಎಂಬ ಪುಟ್ಟ ದೋಣಿಗಳನ್ನು ಕಟ್ಟಿಸಿದರು. ಈಗಿನ ಕ್ಲಬ್ ಪಂದ್ಯಗಳ ಮೂಲ ಅಲ್ಲಿದೆ. ನಮ್ಮದು ‘ಎಂಟರ್‌ಪ್ರೈಸ್’ ಎಂಬ ಜಾತಿ. 1956ರಲ್ಲಿ ಜಾಕ್ ಹೋಲ್ಟ್ ಎಂಬಾತ ರೂಪಿಸಿದ್ದು, 13 ಅಡಿ 3 ಅಂಗುಲ ಉದ್ದ, ಇಬ್ಬರಿಗೆ ಮಾತ್ರ ಜಾಗ.

ಈ ಆಟದಲ್ಲಿ ನನಗೆ ಅತ್ಯಂತ ವಿಚಿತ್ರವಾಗಿ ಕಂಡ ಸಂಗತಿಯೊಂದಿದೆ. ಫುಟ್‌ಬಾಲಿನಲ್ಲಿ ಸೀಟಿ ಹಿಡಿದವನಿದ್ದಾನೆ, ಕ್ರಿಕೆಟ್ಟಿನಲ್ಲಿ ಬೆರಳೆತ್ತುವವನಿದ್ದಾನೆ. ಇಂಥ ಪಂದ್ಯದಲ್ಲಿ ದೋಣಿಯ ಬೆನ್ನು ಹತ್ತಿ ಬರುವ ತೀರ್ಪುಗಾರನಿಲ್ಲ. ತಿರುವಿನಲ್ಲಿ ತೇಲಬಿಟ್ಟ ಬೋಯಾವನ್ನು ದೋಣಿ ಮುಟ್ಟಬಾರದು. ಮುಟ್ಟಿದರೆ ಪಕ್ಕಕ್ಕೆ ಸರಿದು, ಇದ್ದಲ್ಲೇ ಒಂದು ಪೂರ್ಣ ಸುತ್ತು ಸುತ್ತಿ ಮುಂದುವರಿಯಬೇಕು. ಯಾರೂ ನೋಡದಿದ್ದರೂ ಸುತ್ತಬೇಕು. ಅಂದು ಪಂದ್ಯ ಮುಗಿದ ಮೇಲೆ, ನಿಯಮ ಪಾಲಿಸಿದ್ದೇವೆಂದು ಒಂದು ಹಾಳೆಯಲ್ಲಿ ಸಹಿಯನ್ನೂ ಮಾಡಬೇಕಿತ್ತು.

ಅಂದು ಮಧ್ಯಾಹ್ನ ಆಗ್ನೇಯದಿಂದ ಕಡಲಗಾಳಿ ಎದ್ದಿತ್ತು. ಗೋಡೆಯಾಚೆ, ತೆರೆದ ಕಡಲಿನಲ್ಲಿ ಓಟ. ಗಾಳಿಗೆ ಎದುರಾಗಿ ಯಾವ ಹಾಯಿದೋಣಿಯೂ ನೇರವಾಗಿ ಹೋಗಲಾರದು. ಘಾಟಿಯ ರಸ್ತೆಯಂತೆ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ, ಸುಮಾರು 45 ಡಿಗ್ರಿ ಓರೆಯಾಗಿ ಹತ್ತಬೇಕು. ಕೊನೆಯ ಸುತ್ತಿನಲ್ಲಿ ನಾವು ಮೂರನೆಯವರು. ಹಿಂದೆಯೇ ಇಬ್ಬರು ಹುಡುಗರ ದೋಣಿ. ಬೋಯಾ ಮೇಲುಗಾಳಿಯ ತುದಿಯಲ್ಲಿತ್ತು. ಪೂರ್ವಕ್ಕೆ ಮುಖಮಾಡಿ, ಅದನ್ನು ಎಡಗಡೆಗೆ ಬಿಟ್ಟು ಬಳಸಬೇಕು. ಮಾರ್ಚಿನ ಹೊತ್ತಿಗೆ ಇಲ್ಲಿ ಕಡಲ ಪ್ರವಾಹ ಉತ್ತರಕ್ಕೆ ತಿರುಗಿರುತ್ತದೆ. ಅದು ನಮ್ಮನ್ನು ಎಡಕ್ಕೆ, ಬೋಯಾದ ಮೇಲಕ್ಕೇ ನೂಕುತ್ತಿತ್ತು. ಹಿರಿಯರಿಗೆ ದೊಡ್ಡ ಹಾಯಿ ಅಡ್ಡವಾಗಿ ಆ ಮಗ್ಗುಲು ಕಾಣದು. ಹಾಯಿಯ ಕೆಳಗಿನಿಂದ ಇಣುಕಿ ಹೇಳಬೇಕಾದವನು ನಾನು. “ದಾಟುತ್ತದೆಯೇ?” ಎಂದರು. “ದಾಟುತ್ತದೆ” ಎಂದೆ. ಒಡಲೇನೋ ದಾಟಿತು. ತಿರುಗಿ ಹಾಯಿ ಸಡಿಲಿಸಿದಾಗ ಅದರ ಅಡಿಮರದ ತುದಿ ಕಿತ್ತಳೆ ಬಣ್ಣದ ಬೋಯಾವನ್ನು ಸವರಿತು. ಸದ್ದೂ ಆಗಲಿಲ್ಲ. ಬೋಯಾ ತುಸು ತಲೆದೂಗಿತು, ಅಷ್ಟೆ. ಅಲೆಗೂ ಅದು ಹಾಗೆಯೇ ತೂಗುತ್ತಿತ್ತು.

ಒಂದು ಮಾತು ಹೇಳಿದ್ದರೆ ಹಿರಿಯರು ಮರುಕ್ಷಣವೇ ಸುತ್ತು ಹಾಕುತ್ತಿದ್ದರು. ಹುಡುಗರು ಮುಂದಾಗುತ್ತಿದ್ದರು. ನಾನು ಮುಂದಿನ ಹಾಯಿಯ ಹಗ್ಗವನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದೆ.

ಎರಡು ದೋಣಿಯಷ್ಟು ಅಂತರದಲ್ಲಿ ಮೂರನೆಯವರಾಗಿ ಗುರಿ ಮುಟ್ಟಿದೆವು. ದಡದಲ್ಲಿ ಸಹಿಯ ಹಾಳೆ ಬಂದಿತು. ಹಿರಿಯರು ಕನ್ನಡಕ ಹುಡುಕುತ್ತ, “ಎಲ್ಲ ಸರಿ ತಾನೇ?” ಎಂದು ಕೇಳಿದರು. “ಸರಿ” ಎಂದೆ. ಅವರು ತಮ್ಮ ಪೂರ್ಣ ಹೆಸರು ಬರೆದು ಸಹಿ ಹಾಕಿದರು. ಅಂಗೈಯಗಲದ ಬಟ್ಟಲೊಂದು ಬಂದಿತು. ಹುಡುಗರಲ್ಲಿ ಕಿರಿಯವನು ಬಂದು ನನ್ನ ಕೈಕುಲುಕಿದ.

ಮೂರು ವಾರ ತಡೆದೆ. ನಾಲ್ಕನೆಯ ಭಾನುವಾರ ಹಿರಿಯರ ಮನೆಗೆ ಹೋಗಿ, ಕಾಫಿ ಮುಗಿಯುವವರೆಗೂ ಮಾತಾಡದೆ ಕುಳಿತು, ಆಮೇಲೆ ಹೇಳಿದೆ. ಅವರು ಬಯ್ಯಲಿಲ್ಲ. ಅಡಿಮರವೇ, ಒಡಲೇ ಎಂದು ಕೇಳಿದರು. ಅಡಿಮರ ಎಂದೆ. ಎದ್ದುಹೋಗಿ ಪಂದ್ಯದ ಸಮಿತಿಗೆ ನಾಲ್ಕು ಸಾಲಿನ ಕಾಗದ ಬರೆದು ಸಹಿ ಮಾಡಿದರು. ಕೆಳಗೆ ನನಗೂ ಜಾಗ ಬಿಟ್ಟು ಲೇಖನಿಯನ್ನು ನನ್ನ ಕಡೆ ಚಾಚಿದರು. ಆಮೇಲೆ ಕಪಾಟಿನಿಂದ ಬಟ್ಟಲನ್ನು ತೆಗೆದು ಹಳೆಯ ಪತ್ರಿಕೆಯಲ್ಲಿ ಸುತ್ತುತ್ತ, “ಆ ಹುಡುಗರ ಮನೆ ಯಾವ ಕಡೆ?” ಎಂದರು.